ತಮ್ಮನಿಗೆ ಹೇಳದೆ ಬಚ್ಚಿಟ್ಟ ಡಾಕ್ಟರು

ನನ್ನ ತಮ್ಮ ಹುಟ್ಟಿದ್ದು ಹೆಣ್ಣುಮಗುವಾಗಿ. ಅವ್ವ ಬೇಗ ತೀರಿಕೊಂಡಿದ್ದರಿಂದ ಅವನಿಗೆ ಎರಡು ಜಡೆ ಹೆಣೆದು, ಪರಕಾರ-ಪೋಲಕಾ ಹೊಲಿದು ತೊಡಿಸಿ ಬೆಳೆಸಿದವಳು ನಾನು. ನಾನು ಕಲಿತದ್ದು ಆರನೆಯ ಇಯತ್ತೆಯವರೆಗೆ. ಬೆಂಗೇರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಷೀನು ಇಟ್ಟುಕೊಂಡು ಹೆಂಗಸರ ಜಂಪರ್ ಹೊಲಿಯುತ್ತಿದ್ದೆ. ಅವನು ಪಿಯುಸಿ ಮುಗಿಸಿ ಸೈಬರ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಹುಬ್ಬಳ್ಳಿಯಲ್ಲಿ ಓಣಿಗೊಂದು ಸೈಬರ್ ಆಗುತ್ತಿದ್ದ ಕಾಲ ಅದು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಕುಳಿತು ಓದಿ, ತನ್ನಂಥವರು ಲೋಕದಲ್ಲಿ ಬಹಳ ಜನ ಇದ್ದಾರೆಂದು ತಿಳಿದುಕೊಂಡ.

ಒಂದು ಸಂಜೆ ನಾನು ಜಂಪರಿಗೆ ಹುಕ್ಕು ಹಚ್ಚುತ್ತಿದ್ದಾಗ ಎದುರಿಗೆ ಬಂದು ಕುಳಿತು, "ಅಕ್ಕಾ, ನಾ ಹೆಣ್ಣಲ್ಲ. ಒಳಗ ಎಂದೂ ಹೆಣ್ಣಾಗಿದ್ದಿಲ್ಲ" ಅಂದ.

ನಾನು ತಲೆಯೆತ್ತದೆ, "ಹೌದಾ? ಹಂಗಾರ ಆ ಸಿಲಿಂಡರ್ ಎತ್ತಿ ಒಳಗಿಡು" ಅಂದೆ.

ಅವನು ಎದ್ದು ಹೋಗಿ ಸಿಲಿಂಡರ್ ಎತ್ತಿ ಒಳಗಿಟ್ಟ. ವಾಪಸು ಬಂದು ಅದೇ ಜಾಗದಲ್ಲಿ ಕುಳಿತು ಅದೇ ಮಾತನ್ನು ಮತ್ತೊಮ್ಮೆ ಹೇಳಿದ. ಆಗ ಸೂಜಿ ಕೆಳಗಿಟ್ಟೆ.

ಅದಕ್ಕೂ ಮೊದಲು ಅವನು ಒಬ್ಬನೇ ಒಬ್ಬ ಡಾಕ್ಟರ ಬಳಿ ಹೋಗಿ ಬಂದಿದ್ದನಂತೆ. ಆ ಡಾಕ್ಟರು ನಕ್ಕು, ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಅಂದಿದ್ದರಂತೆ. ಆ ನಗು ಅವನ ಕಿವಿಯಲ್ಲಿ ಕೂತುಬಿಟ್ಟಿತ್ತು. ಇನ್ನೊಬ್ಬ ಡಾಕ್ಟರ ಬಾಗಿಲು ತಟ್ಟುವ ಧೈರ್ಯ ಉಳಿದಿರಲಿಲ್ಲ. ಅತ್ತ ಸೋದರಮಾವ ಅವನಿಗೆಂದು ಗಂಡು ನೋಡಲು ಶುರುಮಾಡಿದ್ದ. ಮನಸ್ಸು ತಿಳಿದ ಡಾಕ್ಟರೊಬ್ಬರು ಜೊತೆಗೆ ನಿಂತರೆ ಮಾವನಿಗೆ ಎದುರಾಡಬಹುದು ಎಂಬುದು ಅವನ ಆಸೆ.

"ನೀ ಮೊದಲ ಹೋಗಿ ನೋಡಿ ಬಾ ಅಕ್ಕಾ. ನನ್ನಂಥವರನ್ನ ನೋಡ್ಯಾರೇನು ಅಂತ ಕೇಳು. ನಗಲಿಲ್ಲಂದ್ರ ನಾ ಬರ್ತೀನಿ" ಅಂದ.

ಈ ಕೆಲಸದಲ್ಲಿ ನಾನು ಪಳಗಿದವಳೇ. ನಮ್ಮವರಲ್ಲಿ ಗಂಡಿನ ಮನೆಗೆ ಹಿರಿಯರು ಹೋಗುವ ಮೊದಲು ಯಾರಾದರೂ ಹೆಂಗಸು ಏನೋ ನೆಪ ಮಾಡಿಕೊಂಡು ಹೋಗಿ ಮನೆ ನೋಡಿ ಬರುವುದುಂಟು. ನಮ್ಮ ಬಳಗದಲ್ಲಿ ಆ ಹೆಂಗಸು ಯಾವಾಗಲೂ ನಾನೇ. ಗಂಡು ನೋಡುವ ಕಣ್ಣಿನಿಂದಲೇ ಡಾಕ್ಟರರನ್ನೂ ನೋಡಿದೆ. ಪರದೆ ಮಾಸಿದೆಯೇ, ಕಂಪೌಂಡರ್ ಜೊತೆ ಹೇಗೆ ಮಾತಾಡುತ್ತಾರೆ, ಪ್ಯಾಂಟಿನ ಹೊಲಿಗೆ ಬಿಚ್ಚಿದೆಯೇ. ಒಬ್ಬರು ನನ್ನ ಮಾತನ್ನು ಅರ್ಧ ಕೇಳಿ, ನಾನೇ ಸೊರಗಿದ್ದೇನೆಂದು ಟಾನಿಕ್ ಬರೆದುಕೊಟ್ಟರು. ಇನ್ನೊಬ್ಬರು ಹಿರಿಯರು, ನಿನಗೆ ಚಿಂತೆ ಬಹಳ ಎಂದು ನಿದ್ದೆಯ ಗುಳಿಗೆ ಕೊಟ್ಟರು. ಆ ವಾರ ನಾನು ಚೆನ್ನಾಗಿ ನಿದ್ದೆ ಮಾಡಿದೆ, ಮೂವರ ಜಂಪರ್ ತಡವಾಯಿತು. ಮನೆಗೆ ಬಂದು ಇದನ್ನೆಲ್ಲ ನಟಿಸಿ ತೋರಿಸಿದರೆ ತಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಆಮೇಲೆ ಧಾರವಾಡಕ್ಕೆ ಹೋದೆ. ಕೆಲಗೇರಿಯ ಕಡೆ ಒಬ್ಬ ಡಾಕ್ಟರು ಮನೆಯ ಹೊರಕೋಣೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು. ನಡುವಯಸ್ಸಿನ ಹೆಂಗಸು. ನಾನು ಹೇಳುವುದನ್ನು ಪೂರ್ತಿ ಕೇಳಿದರು. ನಗಲಿಲ್ಲ. ನನಗೆ ಗುಳಿಗೆಯನ್ನೂ ಬರೆಯಲಿಲ್ಲ. ಇಂಥವರು ತಮ್ಮ ಬಳಿ ಬರುತ್ತಿರುತ್ತಾರೆ, ಹೊಸದೇನಲ್ಲ ಅಂದರು.

"ನಮ್ಮ ಹುಡುಗಿನ್ನ ಮೊದಲಿನಂಗ ಮಾಡಿ ಕೊಡ್ತೀರೇನ್ರಿ?" ಎಂದು ಕೇಳಿದೆ.

"ಇದು ರೋಗ ಅಲ್ರಿ, ವಾಸಿ ಮಾಡಾಕ. ಅವರು ಹೆಂಗ ಇದ್ದಾರೋ ಹಂಗ ನೆಮ್ಮದಿಯಿಂದ ಬದುಕೋ ದಾರಿ ನೋಡೂಣು. ಕರಕೊಂಡು ಬರ್ರಿ" ಅಂದರು.

ಹುಡುಕಿದ ಡಾಕ್ಟರು ಸಿಕ್ಕಿದ್ದರು. ನನಗೆ ಮಾತ್ರ ಸಂತೋಷವಾಗಲಿಲ್ಲ. ವಾಪಸು ಬರುವಾಗ ಬಸ್ಸು ಸತ್ತೂರು ದಾಟುವುದರೊಳಗೆ ನನ್ನ ಸುಳ್ಳು ತಯಾರಾಗಿತ್ತು. ಆಕೆಗೆ ಏನೂ ತಿಳಿಯುವುದಿಲ್ಲ, ಬರೀ ಮಾತು ಎಂದು ಮನೆಯಲ್ಲಿ ಹೇಳಿದೆ. ಆಕೆ ಕನ್ನಡಕ ಏರಿಸುವ ರೀತಿಯನ್ನೂ ಮಾಡಿ ತೋರಿಸಿದೆ. ತಮ್ಮ ಅದಕ್ಕೂ ನಕ್ಕ.

ಅಲ್ಲಿಂದ ಮುಂದೆ ಸುಮಾರು ಒಂದು ವರ್ಷ ನಾನು ಹುಡುಕಿದ್ದು ಅವನ ಡಾಕ್ಟರನ್ನಲ್ಲ, ನನ್ನ ಡಾಕ್ಟರನ್ನು. ನಿನ್ನ ತಂಗಿಯನ್ನು ನಿನಗೆ ವಾಪಸು ಕೊಡುತ್ತೇನೆ ಎನ್ನುವವರು ಒಬ್ಬರಾದರೂ ಸಿಗಲಿ ಎಂದು. ಆ ವರ್ಷ ಅವನು ಎರಡು ಸಲ ಸೀರೆ ಉಟ್ಟು, ಚಹಾದ ತಾಟು ಹಿಡಿದು, ಮಾವ ಕರೆತಂದ ಗಂಡುಗಳ ಮುಂದೆ ಕುಳಿತ. ಸೀರೆಗೆ ನೆರಿಗೆ ಹಿಡಿದವಳು ನಾನೇ.

ಒಂದು ರವಿವಾರ ನನ್ನ ಹಿಮ್ಮಡಿ ಒಡೆದಿದ್ದನ್ನು ನೋಡಿ ಅವನು ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಂದು ತಿಕ್ಕಲು ಕುಳಿತ.

"ನನ್ನ ಸಲುವಾಗಿ ಭಾಳ ಅಡ್ಡಾಡಿದಿ, ಸಾಕು ಬಿಡಕ್ಕಾ. ನನ್ನಂಥವರನ್ನ ನೋಡಿದ ಡಾಕ್ಟರ್ ಈ ಎರಡೂ ಊರಾಗ ಇಲ್ಲ. ಮಾವ ಹೇಳಿದವಗ ಹೂಂ ಅಂತೀನಿ" ಅಂದ.

ನಾನು ಕಾಲು ಎಳೆದುಕೊಂಡೆ. ಧಾರವಾಡದಲ್ಲಿ ಒಬ್ಬರು ಇದ್ದಾರೆ, ನಿನ್ನೆಯಷ್ಟೇ ಗೊತ್ತಾಯಿತು ಅಂದೆ. ನಿಜ ಹೇಳುವಾಗಲೂ ಅದಕ್ಕೊಂದು ಸುಳ್ಳಿನ ಅಸ್ತರ ಕೊಟ್ಟೆ.

ಮರುದಿನವೇ ಹೋದೆವು. ಡಾಕ್ಟರು ಬಾಗಿಲಲ್ಲೇ ನನ್ನ ಗುರುತು ಹಿಡಿದರು. "ಹೋದ ವರ್ಷ ಬಂದಿದ್ರಿ ಅಲ್ರಿ? ಇಷ್ಟು ತಡಾ ಯಾಕ ಮಾಡಿದ್ರಿ?" ಅಂದರು.

ತಮ್ಮ ನನ್ನನ್ನು ನೋಡಿದ. ಒಳಗೆ ಹೋದ.

ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ. ಬಹಳ ಹೊತ್ತಿನ ಮೇಲೆ ಒಳಗಿನಿಂದ ನಗು ಕೇಳಿಸಿ ಎದ್ದು ನಿಂತೆ. ಕಿವಿಗೊಟ್ಟು ಕೇಳಿದರೆ ಅದು ಅವನದೇ ನಗು. ನಾನು ನಟಿಸಿದಾಗ ನಗುತ್ತಿದ್ದುದಕ್ಕಿಂತ ದೊಡ್ಡ ನಗು.

ಹೊರಗೆ ಬಂದವನಿಗೆ, ಸಿಟ್ಟು ಬಂದಿದೆಯೇ ಎಂದು ಕೇಳಿದೆ.

"ಬಂದೈತಿ, ಭಾಳ ಬಂದೈತಿ. ಮೊದಲ ಮಿರ್ಚಿ ಭಜಿ ತಿನ್ನೂಣು, ಹಸಿದ ಹೊಟ್ಟಿಲೆ ಸಿಟ್ಟು ಮಾಡಾಕ ಆಗೂದಿಲ್ಲ" ಅಂದ.

ಮೂರನೆಯ ಭಜಿಯ ಹೊತ್ತಿಗೆ ಸಿಟ್ಟು ಹೊರಗೆ ಬಂತು. ಯಾಕೆ ಮುಚ್ಚಿಟ್ಟೆ ಎಂದು ಕೇಳಿದ. ನನಗೆ ನನ್ನ ತಂಗಿ ಬೇಕಾಗಿದ್ದಳು ಅಂದೆ. ಅವನ ಕಣ್ಣು ತುಂಬಿತು. ಮೆಣಸಿನಕಾಯಿ ಖಾರ ಎಂದು ಭಜಿಯವನನ್ನು ಬೈದ.

"ನೀ ಜಡಿ ಹಾಕಿದ್ದು ನನಗ ಅಕ್ಕಾ, ಬ್ಯಾರೆ ಯಾರಿಗೂ ಅಲ್ಲ. ನಾ ಎಲ್ಲೂ ಹೋಗಿಲ್ಲ" ಅಂದ.

ಆಮೇಲೆ ಆ ಡಾಕ್ಟರ ಬಳಿ ಬಹಳ ದಿನ ಹೋದೆವು. ಮಾವನನ್ನೂ ಅವರೇ ಕರೆಸಿ ಕೂರಿಸಿ ಮಾತಾಡಿದರು. ಮಾವ ಇವತ್ತಿಗೂ ಪೂರ್ತಿ ಒಪ್ಪಿಲ್ಲ, ಆದರೆ ಗಂಡು ತರುವುದನ್ನು ಬಿಟ್ಟ. ತಮ್ಮ ಈಗ ಸ್ವಂತ ಅಂಗಡಿ ಇಟ್ಟಿದ್ದಾನೆ. ಅವನ ಅಂಗಿಗಳನ್ನು ನಾನೇ ಹೊಲಿಯುತ್ತೇನೆ. ಅಂಗಿಯ ಕಾಲರು ಕೂಡಿಸಲು ಕಲಿಯುವಷ್ಟರಲ್ಲಿ ನಾಲ್ಕು ಬಟ್ಟೆ ಹಾಳಾದವು.

ನಾನು ಏನಾದರೂ ಹುಡುಕಿ ಸಿಗಲಿಲ್ಲ ಅಂದರೆ ಸಾಕು, ಅದು ಕತ್ತರಿಯಿರಲಿ, ಬೆಂಕಿಪೊಟ್ಟಣವಿರಲಿ, ಅವನು ಕೇಳುವುದು ಒಂದೇ: "ಖರೇನ ಸಿಕ್ಕಿಲ್ಲೋ, ಸಿಕ್ಕು ಮುಚ್ಚಿಟ್ಟೀಯೋ?"

ಕೇಳಿದವರೆಲ್ಲ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಆ ಚಹಾದ ತಾಟು ಹಿಡಿದಿದ್ದ ಅವನ ಕೈಗಳು ಪ್ರತಿಸಲವೂ ಕಣ್ಣ ಮುಂದೆ ಬರುತ್ತವೆ.