ಚಂದ್ರಬಾಯಿಯ ಆರು ಗಂಟೆಯ ರೊಟ್ಟಿ

ಥಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳಲ್ಲಿ ಮೂಟೆ ಹೊರುವ ಹಮಾಲರಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಒಂದೇ ಜಗಳ ನಡೆಯಿತು. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುವ ಚಂದ್ರಬಾಯಿ ಬೆಳಿಗ್ಗೆ ಆರಕ್ಕೆ ಬುತ್ತಿ ಒಯ್ಯುವವರಿಗೆ ದಪ್ಪ ರೊಟ್ಟಿ ಕೊಡುತ್ತಾಳೆ, ಒಂಬತ್ತಕ್ಕೆ ಬರುವವರಿಗೆ ತೆಳ್ಳಗಿನದು ಕೊಡುತ್ತಾಳೆ ಎಂಬುದೇ ಆ ಜಗಳ. ಆರು ಗಂಟೆಯವರ ಮುಖಂಡ ಅಂಬಾರಾಯ. ಟೆಂಪೋಗೆ ಮೂಟೆ ಏರಿಸುವವನು, ಬಾಯಿಯೂ ಅಷ್ಟೇ ಭಾರ.

"ನಾವೇನು ಪಾಪ ಮಾಡೀವಿ? ನಮಗ ಅಂಚು ಸೀಳಿದ್ದು, ಅವರಿಗಿ ಹಪ್ಪಳದಂಥಾದ್ದು."

"ಹಿಟ್ಟು ಒಂದೇ, ಹಂಚು ಒಂದೇ. ನಿನ್ನ ಹೊಟ್ಟಿಕಿಚ್ಚೇ ಬ್ಯಾರೆ" ಎಂದು ಚಂದ್ರಬಾಯಿ ಅವನನ್ನು ಸಾಗಹಾಕುತ್ತಿದ್ದಳು. ಆದರೆ ಅವನು ಹೇಳುವುದು ನಿಜವೆಂದು ಅವಳಿಗೆ ಗೊತ್ತಿತ್ತು.

ಬೆಳಿಗ್ಗೆ ಏಳುವಾಗ ಅವಳ ಬೆರಳುಗಳು ಬಗ್ಗುತ್ತಿರಲಿಲ್ಲ. ಕುಪ್ಪಸದ ಹುಕ್ಕು ಹಾಕಿಕೊಡುವವನು ಗಂಡ ಮಹಾದೇವಪ್ಪ. ನಲ್ಲಿ ತಿರುಗಿಸಲು ಮಣಿಕಟ್ಟೇ ಗತಿ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಬೇಕಲ್ಲ, ಆ ಬಿಸಿಗೆ ಕೈ ಒಂದಿಷ್ಟೊಂದಿಷ್ಟೇ ಸಡಿಲವಾಗುತ್ತಿತ್ತು. ಎಂಟರ ಹೊತ್ತಿಗೆ ಬಡಿತ ಚುರುಕಾಗಿ ರೊಟ್ಟಿ ತೆಳ್ಳಗಾಗುತ್ತಿತ್ತು. ಚಳಿ ಇರಬೇಕು, ನೀರು ಬದಲಾದದ್ದಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಥಾಣೆಗೆ ಬಂದು ಇಪ್ಪತ್ತೆರಡು ವರ್ಷವಾದ ಮೇಲೆ ಬದಲಾದ ನೀರು ಯಾವುದೋ ಅವಳೇ ಹೇಳಬೇಕು.

ಹೊರಗೆ ಹೇಳಲು ಹೆದರಿಕೆ. ಮೂಟೆ ಹೊತ್ತು ಮಹಾದೇವಪ್ಪನ ಸೊಂಟ ಹೋಗಿತ್ತು, ಮನೆ ನಡೆಯುತ್ತಿದ್ದುದು ಈ ಎರಡು ಕೈಗಳ ಮೇಲೆ. ಅವರಿದ್ದ ಸಾಲುಮನೆಗಳ ಚಾಳಿನಲ್ಲಿ ರೊಟ್ಟಿ ಬಡಿಯುವವರು ಇನ್ನಿಬ್ಬರಿದ್ದರು. ಕೈ ಕೆಟ್ಟಿದೆ ಎಂಬ ಸುದ್ದಿ ಹಬ್ಬಿದರೆ ಗಿರಾಕಿಗಳು ಅತ್ತ ತಿರುಗಲು ಎಷ್ಟು ಹೊತ್ತು?

ಹಾಗೆಂದು ಡಾಕ್ಟರ ಹತ್ತಿರ ಹೋಗದೆ ಇರಲಿಲ್ಲ. ಗಲ್ಲಿಯ ದವಾಖಾನೆಗೆ ಮೂರು ಸಲ ಹೋದಳು, ಮೂರು ಸಲವೂ ಹನ್ನೊಂದು ಗಂಟೆಗೆ. ಕೆಲಸ ಮುಗಿಸದೆ, ಮೈ ತೊಳೆಯದೆ, ಒಳ್ಳೆಯ ಸೀರೆ ಉಡದೆ ಡಾಕ್ಟರ ಎದುರು ಕೂರುವುದು ನಮ್ಮ ಹೆಂಗಸರ ಜಾಯಮಾನದಲ್ಲೇ ಇಲ್ಲ. ಡಾಕ್ಟರು ಮುಷ್ಟಿ ಮಾಡಿ ತೋರಿಸು ಎಂದರು. ಅರವತ್ತು ರೊಟ್ಟಿ ಬಡಿದು ಬಂದ ಕೈ ಸಲೀಸಾಗಿ ಮುಚ್ಚಿತು. ನೋವಿನ ಗುಳಿಗೆ ಬರೆದು ಕಳಿಸಿದರು.

ಆಮೇಲೆ ಸಂಜೆ ಸಣ್ಣಗೆ ಜ್ವರ ಬರತೊಡಗಿತು. ಮಧ್ಯಾಹ್ನಕ್ಕೆಲ್ಲ ಮೈ ಹಿಂಡಿದಂತೆ ಸುಸ್ತು, ಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದಳು. ಗಂಡನ ಕಾಟಕ್ಕೆ ಸರ್ಕಾರಿ ಆಸ್ಪತ್ರೆಗೆ ಹೋದಾಗ ಅಲ್ಲಿ ಡಾಕ್ಟರ್ ಜಯಲತಾ ಸಿಕ್ಕರು. ಡೊಂಬಿವಲಿಯಲ್ಲಿ ಹುಟ್ಟಿದ ಉಡುಪಿಯವರ ಮಗಳು. ಬಾಯಿ ಒಣಗುತ್ತದಾ, ಕೂದಲು ಉದುರುತ್ತದಾ, ಬಿಸಿಲಿಗೆ ಕೆನ್ನೆ ಕೆಂಪಾಗುತ್ತದಾ ಎಂದು ಒಂದೊಂದೇ ಕೇಳಿದರು. ಎಲ್ಲಕ್ಕೂ ಇಲ್ಲ ಎಂದ ಚಂದ್ರಬಾಯಿ, ಕನ್ನಡ ಸಿಕ್ಕಿತೆಂಬ ಖುಷಿಗೆ ಅಂಬಾರಾಯನ ಚಾಡಿಯನ್ನೂ ಹೇಳಿದಳು.

ಜಯಲತಾ ಪೆನ್ನು ಕೆಳಗಿಟ್ಟರು. "ಆರು ಗಂಟೆಗೆ ಯಾಕೆ ದಪ್ಪ?"

"ಕೈ ಬಗ್ಗಂಗಿಲ್ಲರೀ. ಬಿಸಿ ಹಿಟ್ಟು ನಾದಿ ನಾದಿ ಎರಡು ತಾಸಿಗಿ ಸಡಲಾಗ್ತಾವ."

"ಅದಕ್ಕೇ ಯಾರಿಗೂ ಗೊತ್ತಾಗ್ಲಿಲ್ಲ ಮಾರಾಯ್ರೆ. ಸೋಮವಾರ ಎದ್ದ ಹಾಗೇ ಬನ್ನಿ. ಹಿಟ್ಟು ಮುಟ್ಬೇಡಿ, ಬಿಸಿನೀರೂ ಬೇಡ."

ಆ ಸೋಮವಾರ ಎಷ್ಟೋ ವರ್ಷಗಳ ಮೇಲೆ ಅವಳ ಒಲೆ ಹೊತ್ತಲಿಲ್ಲ. ಕೆದರಿದ ತಲೆಯಲ್ಲೇ ಹೋಗಿ ಕುಳಿತಳು, ನಾಚಿಕೆಯಾಗುತ್ತಿತ್ತು. ಮುಷ್ಟಿ ಅರ್ಧಕ್ಕೇ ನಿಂತಿತು. ಗೆಣ್ಣುಗಳನ್ನು ಒತ್ತಿದಾಗ ಎರಡೂ ಕೈಯಲ್ಲಿ ಅದೇ ಜಾಗದಲ್ಲಿ ಜೀವ ಹೋದಂತಾಯಿತು. ರಕ್ತ ತೆಗೆದರು, ಎಕ್ಸ್‌ರೇ ತೆಗೆದರು. ವಾರದ ಮೇಲೆ ಕರೆದು, ಇದು ಆಮವಾತ, ರೋಗದಿಂದ ಮೈ ಕಾಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದಿದೆ ಎಂದು ಹೇಳಿದರು. ಎಡಗೈಯ ಒಂದು ಬೆರಳಿನ ಕೀಲು ಆಗಲೇ ಸವೆದಿತ್ತು, ಅದು ಮತ್ತೆ ಮೊದಲಿನಂತಾಗದು. ಉಳಿದವನ್ನು ಔಷಧಿಯಿಂದ ಉಳಿಸಿಕೊಳ್ಳುವ ಭರವಸೆ ಇತ್ತು. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಚಂದ್ರಬಾಯಿ ಅಲ್ಲೇ ಅತ್ತಳು. ಮೂರು ಸಲ ಡಾಕ್ಟರಿಗೆ ತನ್ನ ರೋಗವನ್ನು ತಾನೇ ತೊಳೆದು ಒರೆಸಿ ತೋರಿಸಿದ್ದಳಲ್ಲ, ಆ ಸಿಟ್ಟಿಗೆ ಅತ್ತಳು.

ಮರುದಿನ ಆರಕ್ಕೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಹೇಳಿಬಿಟ್ಟಳು. "ಇನ್ನ ಮೂರು ತಿಂಗಳು ಒಂಬತ್ತರ ಮ್ಯಾಲೇ ರೊಟ್ಟಿ. ಕೈಗಿ ಆಮವಾತ ಬಂದದ, ಮುಂಜಾನಿ ಬೆರಳು ಮಡಚಂಗಿಲ್ಲ. ಬ್ಯಾರೆ ಕಡಿ ಹೋಗೋರು ಹೋಗ್ರಿ."

ಇಬ್ಬರು ಅಲ್ಲಿಂದಲೇ ಹೊರಟರು. ಅಂಬಾರಾಯ ಹೋಗಲಿಲ್ಲ. ಅವನು ಬಾಯಿ ಮಾಡುತ್ತಾನೆಂದು ಇವಳು ಸೆರಗು ಸಿಕ್ಕಿಸಿಕೊಂಡು ಸಿದ್ಧಳಾಗಿಯೇ ನಿಂತಿದ್ದಳು.

"ನಮ್ಮ ಅಕ್ಕಗೂ ಹಿಂಗೇ ಇತ್ತು" ಎಂದ ಅವನು. "ಮುಂಜಾನಿ ಕಸಬರಿಗಿ ಹಿಡಿಲಾಕ ಆಗ್ತಿದ್ದಿಲ್ಲ, ಮಧ್ಯಾಹ್ನ ಆಗ್ತಿತ್ತು. ಸೋಗು ಹಾಕ್ತಾಳಂತ ಮನ್ಯಾಗ ಎಲ್ಲಾರೂ ಬೈದಿವಿ. ನಾನೇ ಹೆಚ್ಚು ಬೈದೀನಿ."

"ಈಗ ಹ್ಯಾಂಗದಾಳ?"

"ಈಗ ಆಕಿಗಿ ನಮ್ಮವ್ವ ತುತ್ತು ಮಾಡಿ ಉಣಸ್ತಾಳ" ಎಂದ ಅಂಬಾರಾಯ. "ನಲವತ್ತೂ ತುಂಬಿಲ್ಲ."