ಮೀನಿಗಿಂತ ಮೊದಲು ಹುಲ್ಲು

ಎಡಗಿವಿಯ ಕಥೆ ಮುಗಿಯಿತು ಅಂದರು ಗೋಕಾಕದ ಡಾಕ್ಟರು. ನನ್ನ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಶಬ್ದ ಬಿಡಿಸಿ ಹೇಳಿದರು. ಬಲಗಿವಿಯಲ್ಲಿ ಸ್ವಲ್ಪ ಉಳಿದಿದೆ, ಅದೂ ಬರಬರುತ್ತ ಕಡಿಮೆಯಾಗುತ್ತದೆ, ಕಿವಿಗೆ ಮಷಿನ್ ಹಾಕಿಕೊಂಡರೆ ಕೆಲವು ವರ್ಷ ನಡೆಯುತ್ತದೆ.

ಮಷಿನ್ ಆಮೇಲೆ ನೋಡೋಣವೆಂದು ಹೊರಗೆ ಬಂದಾಗ ಮೂಡಲಗಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕೂರಲು ಮನಸ್ಸಾಗಲಿಲ್ಲ. ಅಲ್ಲಿ ಬಾಜೂಕ್ಕೆ ಕೂತವರು ಏನಾದರೂ ಕೇಳುತ್ತಾರೆ, ನಾನು ಅಂದಾಜಿನ ಮೇಲೆ ಏನೋ ಹೇಳುತ್ತೇನೆ, ಅದು ತಪ್ಪು ಉತ್ತರ ಎಂದು ಅವರ ಮುಖದಿಂದ ಗೊತ್ತಾಗುತ್ತದೆ. ದವಾಖಾನೆಯ ಎದುರಿಗೆ ಸಾಕುವ ಮೀನು ಮಾರುವ ಅಂಗಡಿಯಿತ್ತು. ಒಳಗೆ ಹೋದೆ.

ಸಾಲಾಗಿ ಗಾಜಿನ ತೊಟ್ಟಿಗಳು. ಒಂದೊಂದರ ಮುಂದೆಯೂ ನಿಂತೆ. ಮೀನುಗಳು ಬಾಯಿ ತೆರೆದು ಮುಚ್ಚುತ್ತಿದ್ದವು. ಅವು ಏನೂ ಹೇಳುತ್ತಿರಲಿಲ್ಲ, ಹಾಗಾಗಿ ನನಗೆ ಏನೂ ತಪ್ಪಿಹೋಗುತ್ತಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಹೆಗಲು ಸಡಿಲಾದ ಹಾಗಾಯಿತು. ಎರಡು ಅಡಿ ಉದ್ದದ ತೊಟ್ಟಿಯೊಂದನ್ನು ತೋರಿಸಿ, ಇದು ಬೇಕು ಅಂದೆ.

"ಇವತ್ತ ನೀರ ತುಂಬ್ರಿ, ನಾಳಿ ಮೀನ ಬಿಡ್ರಿ. ಗಿಡ ಬೇಕಂದ್ರ ಪ್ಲಾಸ್ಟಿಕ್ ಅದಾವ, ಸಾಯಂಗಿಲ್ಲ," ಅಂದ ಅಂಗಡಿಯವನು. ಅರ್ಧ ಮಾತು ಅವನ ತುಟಿಯಿಂದ, ಅರ್ಧ ಅವನು ತೋರಿಸಿದ ಬೆರಳಿನಿಂದ ತಿಳಿಯಿತು. ಪ್ಲಾಸ್ಟಿಕ್ ಗಿಡ ಬೇಡವೆಂದೆ.

ಮೂಡಲಗಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಹುಡುಗರು ಒಂದು ಕೇಳಿದರೆ ನಾನು ಇನ್ನೊಂದಕ್ಕೆ ಉತ್ತರ ಕೊಡುವುದು ಶುರುವಾದ ಮೇಲೆ, ನಗುವಿಗೆ ಅಲುಗುವ ಹೆಗಲುಗಳು ಕಾಣಲು ಶುರುವಾದ ಮೇಲೆ, ಗಂಟಲಿನ ನೆವ ಹೇಳಿ ನಾನೇ ಕೇಳಿಕೊಂಡು ಲೈಬ್ರರಿ ಕೆಲಸಕ್ಕೆ ಹೋದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕಾಗ ಏನಾಯಿತು ಎಂದು ಬಾಜೂದವರನ್ನು ಕೇಳುತ್ತಿದ್ದೆ. "ಏನಿಲ್ಲ ಬಿಡ್ರಿ ಅಕ್ಕೋರ," ಅನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ನಕ್ಕದ್ದನ್ನು ಮತ್ತೊಮ್ಮೆ ಬಿಡಿಸಿ ಹೇಳಿದರೆ ಅದರಲ್ಲಿ ನಗು ಉಳಿಯುವುದಿಲ್ಲ, ಅದು ನನಗೂ ಗೊತ್ತು. ಕ್ರಮೇಣ ಡಬ್ಬಿಯನ್ನು ಲೈಬ್ರರಿಗೇ ಒಯ್ದು ಅಲ್ಲೇ ಊಟ ಮಾಡತೊಡಗಿದೆ.

ಮದುವೆಯಾಗಿರಲಿಲ್ಲ. ಹುಕ್ಕೇರಿಯಲ್ಲಿದ್ದ ತಂಗಿ ತನ್ನ ಮನೆಗೇ ಬಂದು ಇರು ಅನ್ನುತ್ತಿದ್ದಳು. ಆದರೆ ಅವಳದು ತುಂಬಿದ ಮನೆ. ಹತ್ತು ಜನ ಒಟ್ಟಿಗೆ ಮಾತಾಡುವ ಕಡೆ ಕೂತಾಗ ನನಗಾಗುತ್ತಿದ್ದ ಏಕಾಂಗಿತನ ನನ್ನ ಬಾಡಿಗೆ ಖೋಲಿಯಲ್ಲಿ ಆಗುತ್ತಿರಲಿಲ್ಲ.

ತೊಟ್ಟಿಯನ್ನು ಟೆಂಪೋದಲ್ಲಿ ತರಿಸಿ ಮೇಜಿನ ಮೇಲೆ ಇಡಿಸಿದೆ. ಮಾತನ್ನು ಕೆಳಗೆ ಅಕ್ಷರದಲ್ಲಿ ತೋರಿಸುವ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡಿ ಕಲಿತೆ. ಬುಡಕ್ಕೆ ಜರಡಿ ಹಿಡಿದ ತೋಟದ ಮಣ್ಣು ತೆಳ್ಳಗೆ, ಅದರ ಮೇಲೆ ನಾಲ್ಕು ಬೆರಳು ಉಸುಕು. ಉಸುಕನ್ನು ಬಕೆಟ್ಟಿನಲ್ಲಿ ತೊಳೆದಷ್ಟೂ ನೀರು ಚಹಾದ ಹಾಗೆ ಬರುತ್ತಿತ್ತು. ಕೈ ಸೋತ ಮೇಲೆ ತಿಳಿಯಾಯಿತು. ಉಸುಕು ಕದಡದಂತೆ ಅದರ ಮೇಲೆ ತಾಟು ಇಟ್ಟು, ಒಂದು ದಿನ ತೆರೆದಿಟ್ಟಿದ್ದ ನೀರನ್ನು ತಾಟಿನ ಮೇಲೆ ನಿಧಾನ ಸುರಿದೆ.

ಇನ್ನು ಗಿಡ. ಧುಪದಾಳದಲ್ಲಿ ಹೊಳೆಯ ಒಡ್ಡಿನ ಕೆಳಗೆ ನೀರೊಳಗೆ ರಿಬ್ಬನ್ನಿನಂಥ ಉದ್ದ ಹುಲ್ಲು ಬೆಳೆಯುವುದನ್ನು ಹಿಂದೆ ಶಾಲೆಯ ಮಕ್ಕಳನ್ನು ಕರೆದೊಯ್ದಾಗ ನೋಡಿದ್ದೆ. ಒಂದು ರವಿವಾರ ಒಬ್ಬಳೇ ಹೋದೆ. ನೀರು ಕಡಿಮೆಯಿತ್ತು. ಬಂಡೆಗಳ ನಡುವಿನ ಹೊಂಡಗಳಲ್ಲಿ ಹಸಿರು ಎಲೆಗಳು ಹರಿವಿನ ಕಡೆಗೆ ಬಾಗಿ ಅಲುಗುತ್ತಿದ್ದವು. ಸೀರೆ ಎತ್ತಿ ಕಟ್ಟಿ ಇಳಿದು, ಬೇರು ಹರಿಯದಂತೆ ಒಂದೊಂದೇ ಬಿಡಿಸುತ್ತ ಹಿಂದಕ್ಕೆ ಸರಿಯುತ್ತಿದ್ದೆ.

ಯಾರೋ ರಟ್ಟೆ ಹಿಡಿದು ಜೋರಾಗಿ ಎಳೆದರು. ಇನ್ನೇನು ಬೀಳುತ್ತಿದ್ದೆ. ತಿರುಗಿ ನೋಡಿದರೆ ಒಬ್ಬ ಹೆಂಗಸು, ನನಗಿಂತ ಹಿರಿಯಳು, ಸೊಂಟದವರೆಗೆ ತೊಯ್ದಿದ್ದಳು. ದೂರದಲ್ಲಿ ಕಂಬಳಿ ಒಗೆಯುತ್ತಿದ್ದವಳು ಓಡಿ ಬಂದಿದ್ದಳು.

"ಎಷ್ಟ ಒದರೋದ ನಿನಗ! ಕಿವಿ ಕೇಳಂಗಿಲ್ಲೇನು?"

ಅಷ್ಟು ಹತ್ತಿರ, ಅಷ್ಟು ಸಿಟ್ಟಿನಿಂದ ಅಂದಿದ್ದರಿಂದ ಒಂದಕ್ಷರವೂ ತಪ್ಪದೆ ತಿಳಿಯಿತು.

"ಇಲ್ರಿ, ಕೇಳಂಗಿಲ್ಲ," ಅಂದೆ.

ಈ ಮಾತನ್ನು ಅಲ್ಲಿಯವರೆಗೆ ದವಾಖಾನೆಯ ಹೊರಗೆ ನಾನು ಯಾರಿಗೂ ಹೇಳಿರಲಿಲ್ಲ. ನೆಗಡಿ ಆಗೈತಿ, ಲಕ್ಷ್ಯ ಇರಲಿಲ್ಲ, ಗದ್ದಲ ಭಾಳ ಐತಿ, ಹೀಗೇ ದಾಟಿಸಿಕೊಂಡು ಬಂದಿದ್ದೆ. ಗುರುತಿಲ್ಲದ ಆ ಹೆಂಗಸಿನ ಮುಂದೆ, ಮೊಣಕಾಲು ನೀರಿನಲ್ಲಿ ನಿಂತು, ಬಾಯಿಂದ ಬಂದುಬಿಟ್ಟಿತು.

ಅವಳ ಮುಖದ ಸಿಟ್ಟು ಇಳಿಯಿತು. ಅಯ್ಯೋ ಪಾಪ ಅನ್ನಲಿಲ್ಲ. ನನ್ನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿ, ನಾನು ಸರಿಯುತ್ತಿದ್ದ ಕಡೆಯ ಕಪ್ಪು ನೀರು ತೋರಿಸಿ, "ಅಲ್ಲಿ ಮಡು ಐತಿ. ಎಮ್ಮಿ ಮುಳಗತೈತಿ," ಅಂದು, ಕೈಯನ್ನು ತಲೆಯ ಮೇಲೆ ಎತ್ತಿ ಆಳ ತೋರಿಸಿದಳು.

ಆಮೇಲೆ ನನ್ನ ಕೈಯೊಳಗಿನ ಹುಲ್ಲು ನೋಡಿದಳು. "ಇದ ಯಾವ ರೋಗಕ್ಕ ಔಷಧ?"

"ಔಷಧ ಅಲ್ರಿ. ಮೀನಿಗೆ."

"ಮೀನಿಗೆ ಏನಾಗೈತಿ?"

"ಏನೂ ಆಗಿಲ್ರಿ. ಮೀನ ಇನ್ನೂ ತಂದಿಲ್ಲ."

ಅವಳು ನನ್ನನ್ನೇ ನೋಡಿದಳು. ಇಬ್ಬರಿಗೂ ಒಟ್ಟಿಗೆ ನಗು ಬಂತು. ಯಾಕೆ ನಗುತ್ತಿದ್ದೇವೆಂದು ನನಗೆ ಪೂರ್ತಿ ಗೊತ್ತಿದ್ದ ನಗು. ಆಮೇಲೆ ಅವಳೂ ಬಗ್ಗಿ ಹುಲ್ಲು ಬಿಡಿಸಿಕೊಟ್ಟಳು, ಒದ್ದೆ ಟವೆಲ್ಲಿನಲ್ಲಿ ಸುತ್ತಲು ಹಿಡಿದಳು. ನಾನು ದಂಡೆ ಹತ್ತಿ ತಿರುಗಿ ನೋಡಿದಾಗ ಕಂಬಳಿ ಬಡಿಯುತ್ತಿದ್ದಳು. ಮುಂದೆ ಎರಡು ಮೂರು ರವಿವಾರ ಅಲ್ಲಿಗೆ ಹೋದೆ. ಹುಲ್ಲಿಗೆಂದು ಅಲ್ಲ. ಅವಳು ಸಿಗಲಿಲ್ಲ.

ಹುಲ್ಲನ್ನು ಬಕೆಟ್ಟಿನಲ್ಲಿ ಕೆಲವು ದಿನ ಇಟ್ಟು, ಹುಳ ತೆಗೆದು ತೊಳೆದು, ಉಸುಕಿನಲ್ಲಿ ನಾಟಿದೆ. ಬೇರಷ್ಟೇ ಒಳಗೆ, ಎಲೆ ಹೊರಡುವ ಕುತ್ತಿಗೆ ಉಸುಕಿನ ಮೇಲೆ. ನೀರು ಸೋಸುವ ಫಿಲ್ಟರ್ ಹಚ್ಚಿದೆ. ಹಗಲು ಏಳೆಂಟು ತಾಸು ಲೈಟು. ಆದರೆ ಮೀನು ತರಲಿಲ್ಲ. ಹೊಸ ನೀರು ಕಣ್ಣಿಗೆ ಎಷ್ಟು ತಿಳಿಯಾಗಿದ್ದರೂ ಮೀನಿಗೆ ಹದವಾಗಿರುವುದಿಲ್ಲ. ಮೀನಿನ ಹೊಲಸಿನಿಂದ ಏಳುವ ವಿಷವನ್ನು ಅರಗಿಸುವ ಸೂಕ್ಷ್ಮಜೀವಿಗಳು ಮೊದಲು ಫಿಲ್ಟರಿನ ಸ್ಪಂಜಿನಲ್ಲಿ, ಉಸುಕಿನಲ್ಲಿ ಮನೆ ಮಾಡಬೇಕು. ಅದಕ್ಕೆ ವಾರಗಳೇ ಬೇಕು. ಅವುಗಳ ಹೊಟ್ಟೆಗೆಂದು ದಿನಾ ಒಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ನೀರಿಗೆ ಹಾಕುತ್ತಿದ್ದೆ. ಕೆಳಗಿನ ಮನೆಯ ಒಡತಿ, ನಾನು ಕಾಕೂ ಅನ್ನುತ್ತಿದ್ದವರು, ಒಮ್ಮೆ ನಳದ ನೀರಿನ ವಿಷಯಕ್ಕೆ ಮೇಲೆ ಬಂದಾಗ ಇದನ್ನು ನೋಡಿದರು. ಏನೂ ಕೇಳದೆ ಇಳಿದು ಹೋದರು.

ತಂದ ಎಲೆಗಳು ಒಂದೊಂದಾಗಿ ಕರಗಿದವು. ಗಾಜಿಗೆ ಕಂದು ಪಾಚಿ ಹತ್ತಿತು. ಸಂಜೆ ಬಂದು, ಕೊಳೆತ ಎಲೆ ತೆಗೆದು, ಮೂರರಲ್ಲೊಂದು ಪಾಲು ನೀರು ಬದಲಿಸುತ್ತಿದ್ದೆ. ಎಲ್ಲ ಸತ್ತಿತೆಂದು ಕೈಬಿಡುವ ಹೊತ್ತಿಗೆ ಒಂದು ಬುಡದಲ್ಲಿ ಸೂಜಿಯಂಥ ಹೊಸ ಎಲೆ ಕಂಡಿತು. ವಾರದೊಳಗೆ ಬುಡದಿಂದ ಬಳ್ಳಿ ಹೊರಟು ಉಸುಕಿನ ಮೇಲೆ ಹರಿದು, ತುದಿಯಲ್ಲಿ ಮರಿಗಿಡ ಎದ್ದಿತು. ಆಗ ಗೋಕಾಕಕ್ಕೆ ಹೋಗಿ ಕೆಲವೇ ಗಪ್ಪಿ ಮೀನು ತಂದೆ. ಚೀಲವನ್ನು ನೀರಿನ ಮೇಲೆ ತೇಲಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪ ಬೆರೆಸಿ ಬಿಟ್ಟೆ. ಅವು ಸೀದಾ ಹುಲ್ಲಿನೊಳಗೆ ಹೋಗಿ ಅಡಗಿದವು.

ಮೀನು ಬಂದು ಒಂದೆರಡು ತಿಂಗಳಾಗಿರಬಹುದು. ಕಾಕೂ ಮತ್ತೆ ಮೇಲೆ ಬಂದರು. ಮುಖ ಗಂಟಿಕ್ಕಿತ್ತು.

"ಅಕ್ಕೋರ, ನಿಮ್ಮ ಮೀನಿನ ಮಷಿನ್ ಭಾಳ ಗುಂಯ್ ಅಂತೈತಿ. ಕೆಳಗ ನಾ ಮಲಗೂ ಖೋಲಿ ಐತಿ."

ಎರಡನೇ ಸಲಕ್ಕೆ ತಿಳಿಯಿತು. ಫಿಲ್ಟರಿನ ಮೇಲೆ ಅಂಗೈ ಇಟ್ಟೆ. ನಡುಗುತ್ತಿತ್ತು.

"ಯಾವಾಗಿಂದ ಕಾಕೂ?"

"ಚಾಲೂ ಮಾಡಿದಾಗಿಂದ."

"ಮೊದಲ ಯಾಕ ಹೇಳಲಿಲ್ರಿ?"

ಅವರು ಸೆರಗು ಸರಿ ಮಾಡಿಕೊಂಡರು. "ನಿಮಗ ಒಂದ ಮಾತ ನಾಕ ಸಲ ಹೇಳಬೇಕಲ್ರಿ. ಹೋಗ್ಲಿ ಅಂತ ಬಿಟ್ಟಿದ್ದೆ."

ಇಷ್ಟು ದಿನ ಒಬ್ಬರು ನಿದ್ದೆ ಕೆಡಿಸಿಕೊಂಡಿದ್ದರು. ನನ್ನೊಡನೆ ಮಾತಾಡುವುದು ಅವರಿಗೆ ಅದಕ್ಕಿಂತ ದೊಡ್ಡ ತ್ರಾಸಾಗಿ ಕಂಡಿತ್ತು. ಆ ಮಾತು ಎದೆಯಲ್ಲಿ ಹಾಗೇ ಕೂತಿತು. ಆದರೂ ಖರೆ ಹೇಳಿದರಲ್ಲ ಅನಿಸಿತು.

"ನನಗ ಕಿವಿ ಕೇಳಂಗಿಲ್ಲ ಕಾಕೂ. ಶಬ್ದ ನಿಂತಿತೋ ಇಲ್ಲೋ ನೀವ ಹೇಳಬೇಕು."

ಫಿಲ್ಟರಿಗೂ ಗಾಜಿಗೂ ನಡುವೆ ಹಳೆಯ ರಬ್ಬರ್ ಚಪ್ಪಲಿಯ ತುಂಡು ಇಟ್ಟೆ. ಅವರು ಕೆಳಗೆ ಹೋಗಿ, ಮತ್ತೆ ಹತ್ತಿ ಬಂದು ಕೈಯಾಡಿಸಿದರು: ಇನ್ನೂ ಐತಿ. ಮೇಜಿನ ಕಾಲಿನ ಕೆಳಗೆ ಕೌದಿ ಮಡಚಿ ಹಾಕಿದೆ. ಮತ್ತೆ ಹೋದರು, ಬಂದರು: ಕಡಿಮಿ ಆತು, ಆದ್ರ ಐತಿ. ಕೊನೆಗೆ ಫಿಲ್ಟರನ್ನು ಗೋಡೆಯ ಕಡೆಯಿಂದ ಸರಿಸಿ, ಇನ್ನಷ್ಟು ನೀರು ತುಂಬಿದೆ. ಈ ಸಲ ಅವರು ಮೇಲೆ ಬಂದಾಗ ಮೊಣಕಾಲು ಹಿಡಿದುಕೊಂಡು, ಶಬ್ದ ನಿಂತಿತೆಂದು ತಲೆಯಾಡಿಸಿ ನಗುತ್ತಿದ್ದರು. ಕುರ್ಚಿ ಎಳೆದು ಕೊಟ್ಟೆ. ದಮ್ಮು ಆರಿಸಿಕೊಳ್ಳುತ್ತ ತೊಟ್ಟಿಯ ಮುಂದೆ ಕೂತರು. ನಾನು ಚಹಾ ಮಾಡಿದೆ.

ಅಂದಿನಿಂದ ಅವರು ಆಗಾಗ ಬಂದು ಕೂರುತ್ತಾರೆ. ಗೆಳೆತನ ಅನ್ನುವಷ್ಟಲ್ಲ. ಮೀನು ನೋಡುತ್ತಾರೆ, ಚಹಾ ಕುಡಿಯುತ್ತಾರೆ, ಹೋಗುತ್ತಾರೆ. ಬಲಗಿವಿಯೂ ಈಗ ಹೆಚ್ಚುಕಡಿಮೆ ಹೋಗಿದೆ. ಉಳಿದ ಸಂಜೆಗಳಲ್ಲಿ ನಾನೊಬ್ಬಳೇ.

ಮೊನ್ನೆ ನೀರು ಬದಲಿಸುವಾಗ ಹುಲ್ಲಿನ ನಡುವೆ ಎಳ್ಳಿನಷ್ಟು ಕಣ್ಣುಗಳು ಕಂಡವು. ಮರಿಗಳು. ಎಲೆ ದಟ್ಟವಾಗಿದ್ದುದರಿಂದ ದೊಡ್ಡ ಮೀನಿನ ಬಾಯಿಗೆ ಸಿಗದೆ ಉಳಿದಿದ್ದವು. "ಕಾಕೂ, ಬರ್ರಿ ಇಲ್ಲೆ!" ಎಂದು ಕೂಗಿದೆ. ಎಷ್ಟು ಜೋರಾಗಿ ಕೂಗಿದೆನೋ ನನಗೆ ತಿಳಿಯದು, ಗಂಟಲು ಮಾತ್ರ ಉರಿಯಿತು. ಮೆಟ್ಟಿಲ ಮೇಲೆ ಯಾರೂ ಕಾಣಲಿಲ್ಲ. ಅವರು ಊರಲ್ಲಿಲ್ಲ ಎಂಬುದು ಆಮೇಲೆ ನೆನಪಾಯಿತು. ಬಾಗಿಲು ತೆರೆದೇ ಇಟ್ಟು, ಒದ್ದೆ ಕೈ ಒರೆಸಿಕೊಂಡು, ಕುರ್ಚಿಯನ್ನು ತೊಟ್ಟಿಯ ಹತ್ತಿರಕ್ಕೆ ಎಳೆದುಕೊಂಡೆ.