ಆಂದ್ರೇಸ್ ಎರಡು ಸಲ ಕೂಗಿದ ಪದ

ನಾಲ್ಕೈದು ವರ್ಷದ ಹಿಂದೆ ನಾನು ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುತ್ತಿದ್ದ ಒಂದು ಕಂಪನಿಯಲ್ಲಿ ಸ್ಪ್ಯಾನಿಷ್ ದುಭಾಷಿಯಾಗಿದ್ದೆ. ನನ್ನ ಹುಟ್ಟೂರು ಅಬ್ಬಿಗೇರಿ, ಸ್ಪ್ಯಾನಿಷ್ ಕಲಿತದ್ದು ಪುಣೆಯಲ್ಲಿ. ಸ್ಪೇನಿನಿಂದ ಬಂದಿದ್ದ ಎಂಜಿನಿಯರ್ ಆಂದ್ರೇಸ್ ಮತ್ತು ಅವರ ಸಹಾಯಕ ಇವಾನ್ ಆಡಿದ್ದನ್ನು ನಮ್ಮ ಜನಕ್ಕೆ ತಿಳಿಸುವುದು ನನ್ನ ಕೆಲಸ.

ಆ ದಿನ ನಾನು ನರಗುಂದದ ಇನ್ನೊಂದು ಸೈಟಿನಲ್ಲಿದ್ದೆ. ಕೇಬಲ್ ಹಾಕಲು ತನ್ನ ಹೊಲದ ಬದು ಒಡೆದರೆಂದು ಲಕ್ಕಲಕಟ್ಟಿ ಕಡೆಯ ರೈತ ಫಕೀರಪ್ಪ, ತಮ್ಮ ಯಲ್ಲಪ್ಪನೊಂದಿಗೆ ಬಂದು ಕೆಲಸ ತಡೆದ. ನಾನಿಲ್ಲದ್ದರಿಂದ ಮೊಬೈಲಿನ ಅನುವಾದ ಆ್ಯಪ್ ಹಿಡಿದುಕೊಂಡೇ ಜಗಳ ನಡೆಯಿತು. ಅಷ್ಟರಲ್ಲಿ ಕ್ರೇನಿಗೆ ತೂಗುತ್ತಿದ್ದ ಕಬ್ಬಿಣದ ಏಣಿ ಗಾಳಿಗೆ ಜನರ ಕಡೆ ವಾಲಿತು. ಅದಕ್ಕೆ ಕಟ್ಟಿದ ಹಗ್ಗ ಹಿಡಿದಿದ್ದ ಇವಾನ್‌ಗೆ ಆಂದ್ರೇಸ್ "ತೀರಾ" ಎಂದು ಕೂಗಿದರು. ಮೊಬೈಲು ಅದನ್ನು ಕೇಳಿಸಿಕೊಂಡು "ಗುಂಡು ಹಾರಿಸು" ಎಂದು ಕನ್ನಡದಲ್ಲಿ ನುಡಿಯಿತು. ಆಂದ್ರೇಸರ ಹಿಂದೆ ಕಂಪನಿಯ ಕಾವಲುಗಾರ ಬಂದೂಕು ಹಿಡಿದು ನಿಂತಿದ್ದ.

ಯಲ್ಲಪ್ಪನ ಕೈಯಲ್ಲಿ ಸಲಿಕೆಯಿತ್ತು. ಮೊದಲ ಏಟಿಗೆ ಆಂದ್ರೇಸರ ಹೆಲ್ಮೆಟ್ ಹಾರಿತು, ಎರಡನೆಯದಕ್ಕೆ ಕಿವಿಯ ಮೇಲೆ ತಲೆ ಬಿರಿಯಿತು. ಬಿದ್ದಲ್ಲಿಂದಲೇ ಅವರು ಮತ್ತೊಮ್ಮೆ ಕೂಗಿದರು. ಹಗ್ಗವನ್ನು ಪಕ್ಕದವನಿಗೆ ಕೊಟ್ಟು ದಪ್ಪ ಬೋಲ್ಟೊಂದನ್ನು ಎತ್ತಿಕೊಂಡಿದ್ದ ಇವಾನ್ ಅದನ್ನು ಬೀಸಿ ಎಸೆದ. ಅದು ತಮ್ಮನನ್ನು ಹಿಡಿಯಲು ಅಡ್ಡ ಬಂದ ಫಕೀರಪ್ಪನ ಎಡಗಣ್ಣಿಗೆ ಬಡಿಯಿತು.

ಎರಡೂ ಕಡೆಯಿಂದ ಕೊಲೆ ಯತ್ನದ ಪ್ರಕರಣ ದಾಖಲಾಯಿತು. ಕೆಲಸಗಾರನೊಬ್ಬ ತೆಗೆದಿದ್ದ ವಿಡಿಯೊಗೆ ನಾನು ಅನುವಾದ ಬರೆಯಬೇಕಿತ್ತು. ಠಾಣೆಯ ಹೊರಗೆ ಫಕೀರಪ್ಪನ ಹೆಂಡತಿ ಶಂಕ್ರವ್ವ ಕೈ ಹಿಡಿದಳು. "ನೀವು ನಮ್ಮ ಕಡೆಯವರ ಅದೀರಿ, ಅಕ್ಕಾರ. ಫೋನ್ ಹೇಳಿದ್ದನ್ನ ಬರೀರಿ. ಇಲ್ಲಂದ್ರ ನನ್ನ ಮೈದುನ ಜೈಲಿಗೆ ಹೊಕ್ಕಾನ."

ಒಳಗೆ ಕಂಪನಿಯ ವಕೀಲರು ಕಾಯುತ್ತಿದ್ದರು. "ಮೇಡಂ, ಪದ ಒಂದೇ ಐತಿ. ಎರಡೂ ಸಲ 'ಜಗ್ಗು' ಅಂತ ಬರದುಬಿಡ್ರಿ."

ಸ್ಪ್ಯಾನಿಷ್‌ನ ಆ ಕ್ರಿಯಾಪದಕ್ಕೆ ಜಗ್ಗು, ಒಗೆ ಅಂದರೆ ಎಸೆ, ಗುಂಡು ಹಾರಿಸು ಎಂಬ ಮೂರೂ ಅರ್ಥ ಇವೆ. ಬರೀ "ತೀರಾ" ಎಂದಾಗ ಇವಾನ್‌ನ ಕೈಯಲ್ಲಿದ್ದದ್ದು ಹಗ್ಗ. ಆದರೆ ಎರಡನೇ ಸಲ ಆಂದ್ರೇಸ್ ಕೂಗಿದ್ದು "ತೀರಾಸೆಲೊ". ಆ ಬಾಲ ಸೇರಿದರೆ 'ಅದನ್ನು ಅವನಿಗೆ ಒಗೆ' ಎಂದಾಗುತ್ತದೆ. ಆಸ್ಪತ್ರೆಯಲ್ಲಿ ಆಂದ್ರೇಸರಿಗೆ ಇನ್ನೂ ಎಚ್ಚರ ಬಂದಿರಲಿಲ್ಲ. ಒಂದು ವರ್ಷ ಅವರೊಂದಿಗೆ ಒಂದೇ ಮೇಜಿನಲ್ಲಿ ಉಂಡಿದ್ದೆ. ಮೊದಲನೆಯದಕ್ಕೆ 'ಜಗ್ಗು' ಎಂದೂ ಎರಡನೆಯದಕ್ಕೆ 'ಒಗೆ' ಎಂದೂ ಬರೆದು ಸಹಿ ಹಾಕಿದೆ.

ಯಲ್ಲಪ್ಪ ಜೈಲು ಸೇರಿದ, ಇವಾನ್ ಕೂಡ. ಫಕೀರಪ್ಪನ ಕಣ್ಣು ಹೋಯಿತು. ಆಂದ್ರೇಸ್ ಬದುಕಿದರು, ಆದರೆ ಬಲಗೈ ಮೇಲೇಳುವುದಿಲ್ಲ. ಕಂಪನಿ ನನ್ನನ್ನು ತೆಗೆದುಹಾಕಿತು.

ಮುಂದೆ ರೋಣದ ಕೋರ್ಟಿನಲ್ಲಿ ಸಾಕ್ಷಿ ಹೇಳಿ ಹೊರಬಂದಾಗ ಶಂಕ್ರವ್ವ ಅಡ್ಡ ನಿಂತಳು.

"ಹಂಗಾದ್ರ ಮೊದಲ ಸಲ ಅಂವ ನಮ್ಮನ್ನ ಉಳಸಾಕ ಒದರಿದ್ನೇನ್ರಿ?"

"ಹೌದವ್ವ. ಏಣಿ ನಿಮ್ಮ ಮನಿಯವರ ತಲಿ ಮ್ಯಾಲ ಬರಾಕತ್ತಿತ್ತು."

ಅವಳು ಮೆಟ್ಟಿಲ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಕೂತೆ.

ಈಗ ಭಾಷೆ ಕಲಿಯಲು ಬರುವವರಿಗೆ ನಾನು ಮೊದಲು ಹೇಳುವುದಿಷ್ಟು: ಪದದ ಅರ್ಥ ಹುಡುಕುವ ಮೊದಲು, ಅದನ್ನು ಕೇಳಿದವನ ಕೈಯಲ್ಲಿ ಏನಿತ್ತು ಎಂದು ನೋಡಿ.